ಆರನೆಯ ಬಟ್ಟಲು

ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದವರಲ್ಲಿ ನೀವೂ ಒಬ್ಬರಾಗಿದ್ದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾರು ನಮ್ಮ ಬೀದಿಯ ತಿರುವು ದಾಟುವ ಮೊದಲೇ ನಾನು ಸಿಂಕಿನ ಮುಂದೆ ನಿಂತು ಲೋಟ ಎಣಿಸಿ ಮುಗಿಸಿರುತ್ತೇನೆ. ನಿಮ್ಮ ಮೇಲೆ ಅನುಮಾನವೆಂದಲ್ಲ. ನನಗೆ ಎಲ್ಲರ ಮೇಲೂ ಸಮಾನವಾಗಿ ಅನುಮಾನ. ಈ ವಿಷಯದಲ್ಲಿ ನಾನು ಯಾರಿಗೂ ಭೇದ ಮಾಡಿದವಳಲ್ಲ. ಹಾಲಿನ ಕ್ಯಾನಿನ ಮೇಲಿನ ತಾರೀಖು, ಹವಾಮಾನದ ವರದಿ, ನಮ್ಮ ಮನೆಯಿರುವ ಸ್ಯಾಂಟಾ ಕ್ಲಾರಿಟಾದಿಂದ ನನ್ನ ಆಫೀಸಿರುವ ಎಲ್ ಸೆಗುಂಡೋಗೆ ಒಂದೇ ಗಂಟೆ ಎಂದು ತೋರಿಸುವ ಫೋನಿನ ಮ್ಯಾಪು, ಎಲ್ಲವನ್ನೂ ನಾನು ಒಂದೇ ಕಣ್ಣಿನಿಂದ ನೋಡುತ್ತೇನೆ.

ಇದು ನನಗೆ ಅಮ್ಮನಿಂದ ಬಂದದ್ದು. ಮೈಸೂರಿನಲ್ಲಿ ನಮ್ಮ ಮನೆಗೆ ಹೊಸ ಸ್ಟೀಲ್ ಪಾತ್ರೆ ಬಂದರೆ ಒಲೆ ಹತ್ತುವ ಮೊದಲೇ ಅದರ ಮೇಲೆ ಅಪ್ಪನ ಹೆಸರು ಹತ್ತಿರುತ್ತಿತ್ತು. ಪಾತ್ರೆ ಅಂಗಡಿಯವನು ಗುಂಯ್ ಎನ್ನುವ ಸೂಜಿಮೊನೆಯ ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಡುತ್ತಿದ್ದ. ಅಕ್ಕಪಕ್ಕದ ಮನೆಗೆ ಕೋಡುಬಳೆ ತುಂಬಿಕೊಂಡು ಹೋದ ಡಬ್ಬಿ ವಾಪಸು ಬರದಿದ್ದರೆ ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕಾಫಿ ಕುಡಿದು ಮುಗಿಸಿ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಲೋಟವನ್ನು ಒಮ್ಮೆ ತಲೆಕೆಳಗು ಮಾಡಿ ತಳ ನೋಡುತ್ತಿದ್ದಳು. ಹಾಗೆ ನೋಡಿ ಎರಡು ಲೋಟ, ಒಂದು ಸೌಟನ್ನು ಪತ್ತೆ ಹಚ್ಚಿದ್ದೂ ಉಂಟು. ಸೌಟು ಸಿಕ್ಕಿದ್ದು ನಮ್ಮ ಸೋದರತ್ತೆಯ ಮನೆಯಲ್ಲಿ. ಆ ಕಥೆ ಈಗ ಬೇಡ, ಅತ್ತೆಯ ಮಕ್ಕಳು ಇದನ್ನು ಓದುವ ಸಂಭವವಿದೆ.

ಪಿಂಗಾಣಿಯ ಮೇಲೆ ಹೆಸರು ಕೊರೆಸಲು ಬರುವುದಿಲ್ಲ. ಅಮ್ಮ ಪಿಂಗಾಣಿಯನ್ನು ನಂಬದಿರಲು ಇದೇ ಮೊದಲ ಕಾರಣ. ಎರಡನೆಯದು, ಅದಕ್ಕೆ ಮೂಳೆಯ ಪುಡಿ ಸೇರಿಸುತ್ತಾರೆಂದು ಯಾರೋ ಪುಣ್ಯಾತ್ಮರು ಅವಳ ಕಿವಿಗೆ ಹಾಕಿದ್ದರು. ಅಪ್ಪನಿಗೆ ವರ್ಗವಾದಾಗ ಆಫೀಸಿನವರು ಬೀಳ್ಕೊಡುಗೆಗೆ ಕೊಟ್ಟ ಸೆಟ್ಟು ಹೀಗಾಗಿ ಗಾಜಿನ ಬೀರುವಿನಲ್ಲೇ ಕೂತಿತು. ಆರು ಕಪ್ಪು, ಆರು ಸಾಸರು. ಮೇಲಧಿಕಾರಿಗಳು ಬಂದಾಗ ಮಾತ್ರ ಅವು ಹೊರಗೆ ಬರುತ್ತಿದ್ದವು. ಅವರು ಹೋದಮೇಲೆ ಅಮ್ಮ ಎರಡು ಸಲ ತೊಳೆದು, ಮೂರು ಸಲ ಎಣಿಸಿ ಒಳಗಿಡುತ್ತಿದ್ದಳು. ಸೆಟ್ಟು ಎಂದರೆ ಆರು ಎಂಬುದು ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾದ ಲೆಕ್ಕ.

ಇಂಥ ಮನೆಯಲ್ಲಿ ಬೆಳೆದವಳಿಗೆ ಅಮೆರಿಕದಲ್ಲಿ ಸಿಕ್ಕ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗಿನದು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಎಲ್ಲೋ ಏನೋ ತಪ್ಪಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಅನುಮಾನ ಪಡುವುದು, ತಿಂಗಳ ಕೊನೆಗೆ ಅದಕ್ಕೇ ಸಂಬಳ ತೆಗೆದುಕೊಳ್ಳುವುದು. ಆಫೀಸಿನಲ್ಲಿ ನನಗೆ ಒಳ್ಳೆಯ ಹೆಸರಿದೆ. "ಅಲ್ಲಿ ಮುಗಿಸಿಕೊಂಡು ಬಾರೇ, ಮನೆಗೆ ತರಬೇಡ" ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ಅವರು ಯಾಕೆ ಪದೇಪದೇ ಹಾಗೆ ಹೇಳುತ್ತಾರೆ ಎಂಬುದರ ಮೇಲೂ ನನಗೆ ಒಂದು ಕಣ್ಣಿದೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಶೈಲಾಳ ವಿಷಯ ಹೇಳಲಿಕ್ಕೆ. ಶೈಲಾ ಧಾರವಾಡದವಳು. ಲಾಸ್ ಏಂಜಲೀಸಿಗೆ ಬಂದ ಹೊಸದರಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವಳ ಗಂಡನ ಟೆಲಿಕಾಂ ಕೆಲಸ ಅವಳನ್ನು ಸ್ಯಾನ್ ಡಿಯಾಗೋಗೆ ಎಳೆದುಕೊಂಡು ಹೋಯಿತು. ಆದರೂ ಇಪ್ಪತ್ತು ವರ್ಷದಿಂದ ನಮ್ಮ ಮಾತು ನಿಂತಿಲ್ಲ. ಎರಡು ಸಾವಿರದ ಇಪ್ಪತ್ತರಲ್ಲಿ ನಮ್ಮ ಮನೆಯವರಿಗೆ ಕೋವಿಡ್ ಬಂದು ಇಡೀ ಬೀದಿ ನಮ್ಮ ಮನೆಯ ಕಡೆ ತಲೆ ಎತ್ತದೆ ಓಡಾಡುತ್ತಿದ್ದಾಗ, ಅವಳು ಅಷ್ಟು ದೂರದಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಮೆಟ್ಟಿಲ ಮೇಲಿಟ್ಟು ಕಾರಿನ ಹತ್ತಿರ ಹೋಗಿ ನಿಂತಳು. ನಾನು ಗ್ಲೌಸು ಹಾಕಿಕೊಂಡು ಬಂದು ಒಂದೊಂದೇ ಡಬ್ಬಿಯನ್ನು ಕ್ರಿಮಿನಾಶಕದ ಒದ್ದೆ ಕಾಗದದಿಂದ ಒರೆಸತೊಡಗಿದೆ.

"ರೊಟ್ಟಿನೂ ಒರಸಬ್ಯಾಡ ಮತ್ತ!" ಎಂದು ಶೈಲಾ ಅಲ್ಲಿಂದಲೇ ಕೂಗಿದಳು.

ನಿಜ ಹೇಳಬೇಕೆಂದರೆ ಆ ಯೋಚನೆ ನನಗೆ ಬಂದಿತ್ತು. ಈ ದೇಶದಲ್ಲಿ ನನಗೆ ಪರಿಚಯದವರು ಬೇಕಾದಷ್ಟಿದ್ದಾರೆ. ಕಷ್ಟ ಬಂದಾಗ ಹಿಂದೆ ಮುಂದೆ ನೋಡದೆ ಫೋನು ಮಾಡಬಹುದಾದವಳು ಅವಳೊಬ್ಬಳೇ.

ಶೈಲಾ ಸ್ಯಾನ್ ಡಿಯಾಗೋದಲ್ಲಿ ಕುಂಬಾರಿಕೆ ಕ್ಲಾಸಿಗೆ ಸೇರಿದ್ದಳು. ಅವಳು ಮಾಡಿದ ಹೂಜಿಗಳು ಯಾವುದೋ ಒಂದು ಕಡೆಗೆ ವಾಲಿಕೊಂಡೇ ನಿಲ್ಲುತ್ತಿದ್ದವು. ಆ ಕ್ಲಾಸಿನಲ್ಲಿ ಅವಳಿಗೆ ಜಪಾನಿನ ಅರಿತಾ ಎಂಬ ಊರಿನ ಹುಚ್ಚು ಹಿಡಿಯಿತು. ನಾನೂರು ವರ್ಷದಿಂದ ಪಿಂಗಾಣಿಯನ್ನೇ ಮಾಡಿಕೊಂಡು ಬಂದಿರುವ ಊರಂತೆ. ಕೋವಿಡ್ ಮುಗಿದು ಜಪಾನು ಬಾಗಿಲು ತೆರೆದಮೇಲೆ ಇಬ್ಬರ ಗಂಡಂದಿರನ್ನೂ ಕೇಳಿ ನೋಡಿದೆವು. ಬಟ್ಟಲು ನೋಡಲು ಸಮುದ್ರ ದಾಟುವ ಉತ್ಸಾಹ ಇಬ್ಬರಿಗೂ ಇರಲಿಲ್ಲ. ಅಕ್ಟೋಬರಿನಲ್ಲಿ ನಾವಿಬ್ಬರೇ ಹೊರಟೆವು.

ಅರಿತಾದಲ್ಲಿ ರೈಲಿನಿಂದ ಇಳಿದಾಗ ನನಗೆ ಮೊದಲು ಕಂಡದ್ದು ಪಿಂಗಾಣಿಯಲ್ಲ, ಜನವೇ ಇಲ್ಲದ ಬೀದಿ. ಇಷ್ಟು ಹೆಸರಾದ ಊರಿನಲ್ಲಿ ಬೆಳಗಿನ ಹೊತ್ತು ಜನ ಇಲ್ಲವೆಂದರೆ ಏನೋ ಇರಬೇಕು ಎಂದುಕೊಂಡೆ. ಎರಡೂ ಕಡೆ ಹಳೆಯ ಮರದ ಮನೆಗಳು, ಗಾಜಿನ ಬಾಗಿಲುಗಳ ಹಿಂದೆ ಸಾಲುಸಾಲು ತಟ್ಟೆ ಬಟ್ಟಲುಗಳು. ಹಳೆಯ ಗೂಡುಗಳ ಸುಟ್ಟ ಇಟ್ಟಿಗೆಗಳನ್ನು ಸೇರಿಸಿ ಕಟ್ಟಿದ ಗೋಡೆಗಳ ನಡುವೆ ಸಣ್ಣ ಓಣಿಗಳು. ಒಂದು ಅಂಗಡಿಯ ಹೊರಗೆ ಮರದ ಪೆಟ್ಟಿಗೆಯಲ್ಲಿ ಸಣ್ಣ ತಟ್ಟೆಗಳನ್ನು ಹಾಕಿ, ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿದ್ದರು. ಬೇಕಾದ್ದನ್ನು ತೆಗೆದುಕೊಂಡು ದುಡ್ಡು ಡಬ್ಬಿಗೆ ಹಾಕಿ ಹೋಗುವುದು. ಕಾಯಲು ಯಾರೂ ಇರಲಿಲ್ಲ. ನಾನು ಕ್ಯಾಮೆರಾ ಎಲ್ಲಿದೆ ಎಂದು ಸೂರಿನ ಕೆಳಗೆಲ್ಲ ಹುಡುಕಿದೆ. ಇಲ್ಲ. ಶೈಲಾ ಅಷ್ಟರಲ್ಲಿ ಎರಡು ತಟ್ಟೆ ಆರಿಸಿ ದುಡ್ಡು ಹಾಕಿ ಮುಂದೆ ಹೋಗಿಯಾಗಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತು, ನನ್ನನ್ನು ಯಾರೂ ನೋಡುತ್ತಿಲ್ಲ ಎಂಬುದನ್ನು ಖಚಿತ ಮಾಡಿಕೊಂಡು ಹೊರಟೆ.

ಅಲ್ಲಿ ಗುಡ್ಡದ ಮೇಲೊಂದು ದೇವಸ್ಥಾನವಿದೆ. ರೈಲು ಹಳಿ ದಾಟಿ ಮೆಟ್ಟಿಲು ಹತ್ತಬೇಕು. ಅದರ ಹೆಬ್ಬಾಗಿಲೂ ಪಿಂಗಾಣಿಯದೇ, ಬಿಳಿಯ ಮೈಮೇಲೆ ನೀಲಿ ಬಳ್ಳಿ. ಅಷ್ಟು ದೊಡ್ಡದನ್ನು ಪಿಂಗಾಣಿಯಲ್ಲಿ ಮಾಡಲು ಹೇಗೆ ಸಾಧ್ಯ, ಒಳಗೆ ಸಿಮೆಂಟಿರಬೇಕು ಎನಿಸಿತು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಕೊಟ್ಟೆ.

"ದೇವರ ಬಾಗಿಲಾ ಬಡೀಬ್ಯಾಡವಾ, ಒಳಗಿನವರು ಎದ್ದು ಬಂದಾರು" ಎಂದಳು ಶೈಲಾ. ಅವಳು ಕೈಮುಗಿದು ಕಣ್ಣುಮುಚ್ಚಿ ನಿಂತಿದ್ದಳು. ಕಣ್ಣು ಮುಚ್ಚಿಕೊಂಡು ನಾನು ಬಡಿದದ್ದನ್ನು ಹೇಗೆ ನೋಡಿದಳೋ.

ಮಧ್ಯಾಹ್ನ ಒಂದು ಅಂಗಡಿಯಲ್ಲಿ ನನಗೆ ಆ ಬಟ್ಟಲು ಕಣ್ಣಿಗೆ ಬಿತ್ತು. ಹಿಡಿಯಿಲ್ಲದ ಚಹಾ ಬಟ್ಟಲು. ಹಾಲಿನ ಕೆನೆಗಿಂತ ಒಂದಿಷ್ಟು ನೀಲಿ ಎನ್ನಬಹುದಾದ ಬಿಳುಪು, ಹೊರಮೈಯಲ್ಲಿ ಸೇವಂತಿಗೆ ಹೂವು. ನಮ್ಮ ಅಮ್ಮ ದೇವರಿಗೆ ಏರಿಸುತ್ತಿದ್ದಂಥದೇ ಬಿಡಿಸೇವಂತಿಗೆ, ಬಣ್ಣ ಮಾತ್ರ ನೀಲಿ. ಒಂದೇ ಒಂದನ್ನು ನೋಡಲೆಂದು ಇಟ್ಟಿದ್ದರು. ಗೆಣ್ಣಿನಿಂದ ತಟ್ಟಿದೆ, ಗಂಟೆಯಂತೆ ದನಿ ಕೊಟ್ಟಿತು. ಬಿರುಕಿಲ್ಲ. ಇನ್ನು ಉಳಿದದ್ದು ಮೂಳೆಯ ಪ್ರಶ್ನೆ. ಫೋನಿನ ಅನುವಾದಕ್ಕೆ ಹೇಳಿ ಅಂಗಡಿಯ ಅಜ್ಜಿಯ ಮುಂದೆ ಹಿಡಿದೆ. ಅದು ಏನೆಂದು ಕೇಳಿತೋ ನನಗೆ ಗೊತ್ತಿಲ್ಲ. ಅಜ್ಜಿ ಗಾಬರಿಯಾಗಿ ನನ್ನ ಮೊಣಕಾಲು ನೋಡಿ, ಕುರ್ಚಿ ತಂದು ಹಾಕಿ, ಕೂತುಕೊಳ್ಳಿ ಎಂದು ಬಗ್ಗಿ ಬಗ್ಗಿ ಹೇಳಿದರು. ಶೈಲಾ ನಗು ತಡೆಯಲಾಗದೆ ಹೊರಗೆ ಹೋದಳು. ಎರಡನೇ ಸಲ ಕೇಳಿದಮೇಲೆ ಅಜ್ಜಿಗೆ ಅರ್ಥವಾಯಿತು. ಕಿಟಕಿಯ ಹತ್ತಿರವಿದ್ದ ಒಂದು ಬಿಳಿಯ ಕಲ್ಲನ್ನು ತಂದು ನನ್ನ ಕೈಗಿಟ್ಟು ಊರ ಹಿಂದಿನ ಗುಡ್ಡವನ್ನು ತೋರಿಸಿದರು. ಇಲ್ಲಿಯ ಪಿಂಗಾಣಿ ಬರೀ ಕಲ್ಲಿನ ಪುಡಿಯದು, ಮೂಳೆ ಇಲ್ಲ. ನಾನು ಆ ಕಲ್ಲನ್ನೂ ತಟ್ಟಿ ನೋಡಿದೆ.

"ಸೆಟ್?" ಎಂದು ಕೇಳಿದೆ. "ಸೆಟ್, ಸೆಟ್" ಎಂದು ಅಜ್ಜಿ ಒಳಗಿನಿಂದ ಮರದ ಪೆಟ್ಟಿಗೆ ತಂದು ಮುಚ್ಚಳ ಎತ್ತಿ ತೋರಿಸಿದರು. ಬಿಳಿ ಕಾಗದದಲ್ಲಿ ಸುತ್ತಿದ ಉಂಡೆಗಳು ಒತ್ತಾಗಿ ಕೂತಿದ್ದವು. ಅಷ್ಟರಲ್ಲಿ ಶೈಲಾ ಬಾಗಿಲಲ್ಲಿ ನಿಂತು, "ಏ ಸುಧಾ, ರೈಲು ಹೋಗತದ, ಲಗೂನ ಬಾ" ಎಂದು ಅವಸರ ಮಾಡಿದಳು. ಅಜ್ಜಿ ಪೆಟ್ಟಿಗೆಗೆ ನೀಲಿ ದಾರ ಸುತ್ತಿ ಚಪ್ಪಟೆಯಾದ ಒಂದು ಚಂದದ ಗಂಟು ಹಾಕಿ ಬಗ್ಗಿ ನಮಸ್ಕರಿಸಿದರು. ಹುಟ್ಟಿದಂದಿನಿಂದ ಎಣಿಸಿಕೊಂಡು ಬಂದ ನಾನು ಎಣಿಸಲೇಬೇಕಾಗಿದ್ದ ಆ ಒಂದು ದಿನ ಎಣಿಸಲಿಲ್ಲ. ಇವತ್ತಿಗೂ ಇದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಟೋಕಿಯೋದಿಂದ ವಾಪಸಾಗುವಾಗ ಅವಳದು ನೇರ ಸ್ಯಾನ್ ಡಿಯಾಗೋ ವಿಮಾನ, ನನ್ನದು ಲಾಸ್ ಏಂಜಲೀಸಿನದು. ನನ್ನ ಕೈಚೀಲದಲ್ಲಿ ಸೂಜಿ ತೂರಿಸಲೂ ಜಾಗವಿರಲಿಲ್ಲ. "ಕೊಡಿಲ್ಲೆ, ನಾ ತೊಡೀ ಮ್ಯಾಲೆ ಇಟಗೊಂಡು ಒಯ್ತೀನಿ" ಎಂದು ಶೈಲಾ ಪೆಟ್ಟಿಗೆ ಇಸಿದುಕೊಂಡಳು. ನವೆಂಬರಿನಲ್ಲಿ ಪಸಡೀನಾದ ಒಂದು ಶಾಲೆಯಲ್ಲಿ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದಾಗ ಅವಳು ಬಂದಿದ್ದಳು. ಪಾರ್ಕಿಂಗ್ ಜಾಗದಲ್ಲಿ ಪೆಟ್ಟಿಗೆ ನನ್ನ ಕೈಗಿಟ್ಟು, ಊಟಕ್ಕೂ ನಿಲ್ಲದೆ, ಕೆಲಸವಿದೆ ಎಂದು ಹೊರಟಳು. ಧಾರವಾಡದವಳು ಹೋಳಿಗೆ ಊಟ ಬಿಟ್ಟು ಹೋದಳೆಂದರೆ ನನಗೆ ಆಗಲೇ ಏನೋ ಅನಿಸಬೇಕಿತ್ತು.

ಮನೆಗೆ ಬಂದು ನೋಡಿದರೆ ಪೆಟ್ಟಿಗೆಯ ದಾರಕ್ಕೆ ಅಜ್ಜಿಯ ಗಂಟಿರಲಿಲ್ಲ. ಮಕ್ಕಳ ಶೂಗೆ ಹಾಕುವಂಥ ಎರಡು ಕಿವಿಯ ಗಂಟು. ಒಂದೊಂದೇ ಕಾಗದ ಬಿಚ್ಚಿ ಬಟ್ಟಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಐದು. ಕಾಗದಗಳನ್ನು ಕೊಡವಿದೆ. ಪೆಟ್ಟಿಗೆಯನ್ನು ಬೋರಲು ಹಾಕಿದೆ. ಐದೇ.

"ಅಂಗಡಿಯವರೇ ಒಂದು ಕಡಿಮೆ ಹಾಕಿರ್ಬೇಕು" ಎಂದರು ನಮ್ಮ ಮನೆಯವರು.

"ದುಡ್ಡಿನ ಡಬ್ಬಿ ಬೀದೀಲಿಟ್ಟು ಒಳಗೆ ಕೂತಿರೋ ಜನ ರೀ ಅವರು. ಒಂದು ಬಟ್ಟಲಿಗೆ ಆಸೆ ಪಡ್ತಾರಾ?"

"ಹಾಗಾದ್ರೆ ಶೈಲಾನ ಕೇಳ್ಬಿಡೇ. ಒಡೆದುಹೋಯ್ತಾ ಅಂತ."

"ಹೇಗೆ ಕೇಳೋದು? ಕದ್ದಿದೀಯಾ ಅಂತ ಕೇಳಿದ ಹಾಗಾಗಲ್ವಾ?"

"ಕೇಳದೇ ಇದ್ರೆ ಕದ್ದಿದಾಳೆ ಅಂತ ಅಂದುಕೊಂಡ ಹಾಗಾಗುತ್ತೆ" ಎಂದು ಅವರು ಪೇಪರು ಓದಲು ಹೋದರು. ಈ ಮನುಷ್ಯ ಎರಡು ಮಾತಾಡಿದರೆ ಒಂದು ಹೀಗೆ ಮನಸ್ಸಿಗೆ ನಾಟುವಂತಿರುತ್ತದೆ.

ನಾನು ಕೇಳಲಿಲ್ಲ. ಆಫೀಸಿನಲ್ಲಿ ಮಾಡುವುದನ್ನೇ ಮಾಡಿದೆ, ಪರೀಕ್ಷೆ. ಐದೂ ಬಟ್ಟಲುಗಳಲ್ಲಿ ಚಹಾ ಹಾಕಿ, ಸಾಲಾಗಿ ಇಟ್ಟು, ಆರನೆಯದಕ್ಕೆ ಎದ್ದು ಕಾಣುವಂತೆ ಜಾಗ ಬಿಟ್ಟು ಫೋಟೋ ತೆಗೆದು ಅವಳಿಗೆ ಕಳಿಸಿದೆ. ನಿರಪರಾಧಿಯಾಗಿದ್ದರೆ "ಇನ್ನೊಂದೆಲ್ಲೆ?" ಎಂದು ಕೇಳಬೇಕು. ಅವಳು ಫೋಟೋ ನೋಡಿದಳೆಂಬ ಗುರುತು ಫೋನಿನಲ್ಲಿ ತಕ್ಷಣ ಬಂತು. ಉತ್ತರ ಬಂದದ್ದು ಮಾರನೆಯ ದಿನ, ಅದೂ ಒಂದು ಕೆಂಪು ಹೃದಯ ಮಾತ್ರ. ಹೃದಯ ಕಳಿಸುವ ಜಾಯಮಾನದವಳೇ ಅಲ್ಲ ಅವಳು. ನನ್ನ ಲೆಕ್ಕದಲ್ಲಿ ಅಪರಾಧ ಸಾಬೀತಾದಂತೆಯೇ ಆಯಿತು.

ಅಲ್ಲಿಂದ ನಮ್ಮ ಫೋನಿನ ಮಾತು ಚುಟುಕಾಗುತ್ತ ಬಂತು. ಮೊದಲು ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ, ಮೆಂತ್ಯದ ಸೊಪ್ಪು ಬಿಡಿಸುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದವರು ಈಗ ಹವೆ, ಆರೋಗ್ಯ, ಮಕ್ಕಳ ಕಾಲೇಜು ಎಂದು ಮುಗಿಸುತ್ತಿದ್ದೆವು. ಸಂಕ್ರಾಂತಿಗೆ ಬರುತ್ತೇನೆ ಎಂದರೆ, "ಈ ವಾರ ಬ್ಯಾಡ, ಮನಿ ಎಲ್ಲಾ ಹರವಿಕೊಂಡೀನಿ" ಎಂದಳು. ಶಿವರಾತ್ರಿ ಹೊತ್ತಿಗೆ ಕೇಳಿದರೆ ಕ್ಲಾಸಿದೆಯಂತೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಬರಬೇಡ ಎಂದವಳಲ್ಲ. ಹಗಲೆಲ್ಲ ಸಿಟ್ಟು ಮಾಡಿಕೊಂಡಿದ್ದು, ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ ರೂಢಿಯಂತೆ ಫೋನಿಗೆ ಕೈ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಒಂದು ಬಟ್ಟಲಿಗಾಗಿ ನಾನು ಶೈಲಾಳನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ನನಗೆ ತಿಳಿದಿತ್ತು. ತಿಳಿದೂ ಬಿಡಲಾಗುತ್ತಿರಲಿಲ್ಲ. ಬಟ್ಟಲು ಹೋದರೆ ಹೋಗಲಿ ಎಂದು ಮನಸ್ಸಿಗೆ ಹೇಳಿದರೆ, ಹೋದದ್ದೆಲ್ಲಿಗೆ ಎಂದು ಅದು ತಿರುಗಿ ಕೇಳುತ್ತಿತ್ತು.

ಕೊನೆಗೆ ಒಂದು ಶನಿವಾರ, ಹೇಳದೆ ಕೇಳದೆ, ಸಾರಿನ ಪುಡಿ ಕೊಡುವ ನೆಪ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಹೊರಟೆ. ಈ ದೇಶದಲ್ಲಿ ಮುಂಚೆ ತಿಳಿಸದೆ ಯಾರ ಮನೆಗೂ ಯಾರೂ ಹೋಗುವುದಿಲ್ಲ, ಪೊಲೀಸರನ್ನು ಬಿಟ್ಟು. ಐ-ಫೈವ್ ಹೆದ್ದಾರಿಯ ಉದ್ದಕ್ಕೂ ಏನೇನು ಕೇಳಬೇಕೆಂದು ಜೋಡಿಸಿಕೊಂಡೆ. ಎಡಗಡೆ ಬೆಟ್ಟ ಬಂದದ್ದು, ಬಲಗಡೆ ಸಮುದ್ರ ಬಂದದ್ದು ಯಾವುದೂ ನೆನಪಿಲ್ಲ.

ಬಾಗಿಲು ತೆಗೆದ ಶೈಲಾಳ ಮುಖ ನನ್ನನ್ನು ನೋಡಿ ಅರಳಿತು, ಮರುಕ್ಷಣ ಗಾಬರಿಯಾಯಿತು. ಎರಡನ್ನೂ ನಾನು ಗುರುತು ಹಾಕಿಕೊಂಡೆ. "ಬಾ ಬಾ, ಚಹಾ ಇಡ್ತೀನಿ, ಇಲ್ಲೇ ಕೂಡು" ಎಂದು ಸೋಫಾ ತೋರಿಸಿ ಅಡುಗೆಮನೆಗೆ ಹೋದಳು. ಇಲ್ಲೇ ಕೂಡು ಎಂದರೇನು? ಇಷ್ಟು ವರ್ಷ ನಾನು ಅವಳ ಅಡುಗೆಮನೆಯ ಕಟ್ಟೆಗೆ ಒರಗಿಯೇ ನಿಂತವಳು. ಕೈ ತೊಳೆಯುವ ನೆವದಲ್ಲಿ ಎದ್ದೆ. ಗರಾಜಿಗೆ ಹೋಗುವ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಪಾಟಿನ ತುದಿಯಲ್ಲಿ ನೀಲಿ ಸೇವಂತಿಗೆ ಕಂಡಿತು.

ಆಗ ನನಗಾದದ್ದು ದುಃಖವಲ್ಲ, ಸಂತೋಷ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗೆದ್ದೆ ಎನಿಸಿತು. ಹೋಗಿ ಬಟ್ಟಲನ್ನು ಕೈಗೆತ್ತಿಕೊಂಡೆ. ಏನೋ ಸರಿಯಿಲ್ಲ. ಬೆರಳಿಗೆ ಒರಟು, ತೂಕ ಹೆಚ್ಚು, ಹೂವಿನ ಎಸಳುಗಳು ಒಂದರೊಳಗೊಂದು ಹರಡಿಕೊಂಡಿದ್ದವು. ಅದರ ಹಿಂದೆ ಇನ್ನೊಂದು ಇತ್ತು. ಅದು ಗೊಂಬೆಯಾಟದ ಸಾಮಾನಿನಷ್ಟು ಚಿಕ್ಕದು. ಅದರ ಪಕ್ಕದ್ದಕ್ಕೆ ಬಾಯಿ ಸೊಟ್ಟ. ಮತ್ತೊಂದಕ್ಕೆ ತಳ ಬಿರಿದಿತ್ತು. ಕಪಾಟಿನ ಒಂದು ಸಾಲು ಪೂರ್ತಿ ಸೊಟ್ಟಪಟ್ಟ ನೀಲಿ ಸೇವಂತಿಗೆಗಳೇ.

"ಸಿಕ್ತೇನು?" ಶೈಲಾ ಬಾಗಿಲಲ್ಲಿ ಚಹಾ ಸೋಸುವ ಜರಡಿ ಹಿಡಿದು ನಿಂತಿದ್ದಳು.

"ಏನೇ ಇದೆಲ್ಲ?"

"ಇನ್ನೇನು, ನಿನ್ನ ಆರನೇ ಬಟ್ಟಲಾ. ಒಂದೂ ಕೂಡಿಬರಲಿಲ್ಲ ನೋಡು. ಹಸೀ ಇದ್ದಾಗ ಬರೋಬ್ಬರಿ ಕಾಣಸತಾವ, ಸುಟ್ಟ ಮ್ಯಾಲೆ ಕುಗ್ಗಿಬಿಡತಾವ. ದೊಡ್ಡದು ಮಾಡಿದ್ರ ಸೊಟ್ಟಾಗತಾವ." ಅವಳು ಬಂದು ಮೆಟ್ಟಿಲ ಮೇಲೆ ಕೂತಳು. "ವಿಮಾನದಾಗ ಏನರೆ ಒಡದದೇನೋ ಅಂತ ಮನಿಗೆ ಬಂದ ಕೂಡಲೆ ಬಿಚ್ಚಿ ನೋಡಿದೆ. ಐದಽ ಇದ್ದವು. ನನ್ನ ಎದಿ ಧಸಕ್ಕಂತು. ಇನ್ನ ಸುಧಾಗ ಏನ್ ಹೇಳಲಿ ಅಂತ ಅವತ್ತ ಊಟಾ ಸೇರಲಿಲ್ಲ."

"ಐದೇ ಇದೆ ಅಂತ ಫೋನ್ ಮಾಡಿ ಹೇಳ್ಬೋದಿತ್ತಲ್ಲೇ."

"ಹೇಳಿದ್ರ ನಂಬತಿದ್ದೇನು?"

"ನಂಬ್ತಿದ್ದೆ" ಎಂದೆ. ಆ ಮಾತು ನನ್ನ ಕಿವಿಗೇ ಟೊಳ್ಳಾಗಿ ಕೇಳಿಸಿತು.

"ಸುಧಾ, ನಿಮ್ಮ ಮನ್ಯಾಗ ಚಹಾ ಕುಡದ್ರ ನನ್ನ ಲೋಟಾ ನಾನಽ ತೊಳದು ನಿನ್ನ ಕಣ್ಣ ಮುಂದ ಇಟ್ಟು ಬರ್ತೀನಿ. ಇಪ್ಪತ್ತು ವರ್ಷ ಆತು. ಯಾಕ ಅಂತ ಯಾವತ್ತರೆ ವಿಚಾರ ಮಾಡೀಯೇನು?"

ಮಾಡಿರಲಿಲ್ಲ. ಅದು ಅವಳ ಒಳ್ಳೆಯ ನಡತೆ ಎಂದುಕೊಂಡಿದ್ದೆ. ಇನ್ನೊಬ್ಬರ ಮನೆಯಲ್ಲಿ ಲೋಟ ತೊಳೆದಿಡುವ ಹೆಣ್ಣುಮಗಳು ಎಂದು ಬೇರೆಯವರ ಮುಂದೆ ಹೊಗಳಿಯೂ ಇದ್ದೆ.

"ಮತ್ತ ಒಂದು ಮಾತು. ಅದು ಕಡಿಮಿ ಇರಲೇ ಇಲ್ಲಂತ" ಎಂದಳು. "ನಮ್ಮ ಕ್ಲಾಸಿನ ಟೀಚರ್ ಒಬ್ಬ ಅಜ್ಜಿ, ಜಪಾನಿನವರು. ಹೋದ ವಾರ ಇವನ್ನೆಲ್ಲಾ ನೋಡಿ, ಯಾಕ ಇಷ್ಟ ಒದ್ದಾಡ್ತೀ ಅಂತ ಕೇಳಿದ್ರು. ಹೇಳಿದೆ. ಬಿದ್ದು ಬಿದ್ದು ನಕ್ರು. ಅಲ್ಲೆ ಸೆಟ್ ಅಂದ್ರ ಐದಽ ಅಂತ. ಆರು ಇಡೂದಽ ಇಲ್ಲಂತ."

"ಹೋದ ವಾರನೇ ಗೊತ್ತಾಯ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಈಗ ಹೇಳಿದೆನಲ್ಲ. ನಿನ್ನ ಕೈ ನೋಡ್ಕೋ."

ನೋಡಿಕೊಂಡೆ. ನನ್ನ ಬಲಗೈ ಚೀಲದೊಳಗೆ ಹೋಗಿ ಫೋನು ಹಿಡಿದಿತ್ತು.

"ಹುಡುಕಿ ನೋಡು" ಎಂದಳು ಶೈಲಾ. "ನಾ ಏನ್ ಬ್ಯಾಸರಾ ಮಾಡ್ಕೊಳ್ಳೂದಿಲ್ಲ. ನೋಡಿ ಒಳಗ ಬಾ, ಚಹಾ ಆರತದ."

ಅವಳು ಚುಚ್ಚಿ ಹೇಳಿದ್ದರೆ ನಾನೂ ತಿರುಗಿ ಏನಾದರೂ ಅಂದುಬಿಡುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ. ಮಂಡಿನೋವಿನವರಿಗೆ ಕುರ್ಚಿ ಸರಿಸಿ ಕೊಡುವಂತೆ ಹೇಳಿದಳು, ಇದೆಲ್ಲ ಅವಳಿಗೆ ಎಂದೋ ರೂಢಿಯಾಗಿಹೋಗಿದೆ ಎಂಬಂತೆ. ನನಗೆ ಅಳು ಬಂತು. ಮಣ್ಣಿನ ಚೀಲಗಳ ನಡುವೆ ನಿಂತು ಚೆನ್ನಾಗಿ ಅತ್ತೆ. ಅವಳು ಎದ್ದು ಬಂದು ನನ್ನ ಕೈಯಲ್ಲಿದ್ದ ಸೊಟ್ಟ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟಳು.

ಫೋನನ್ನು ಅಲ್ಲೇ ಚೀಲದೊಳಗೆ ಬಿಟ್ಟೆ. ಆ ದಿನ ನೋಡಲಿಲ್ಲ, ಆಮೇಲೂ ನೋಡಿಲ್ಲ. ಸುಲಭವೆಂದು ತಿಳಿಯಬೇಡಿ. ಇದನ್ನು ಬರೆಯುವಾಗಲೂ, ಅಚ್ಚಿಗೆ ಹೋಗುವ ವಿಷಯ, ಒಮ್ಮೆ ಖಚಿತ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ ಎಂದು ಮನಸ್ಸು ನೂರು ಸಲ ಹೇಳಿತು. ನಾನೇ ನೋಡಿ ಹೇಳುತ್ತೇನೆ ಎಂದು ನಮ್ಮ ಮನೆಯವರು ಮುಂದೆ ಬಂದರು. ಬೇಡವೆಂದೆ. ನಿಮಗೆ ಗೊತ್ತಿದ್ದರೆ ನೀವೂ ದಯವಿಟ್ಟು ನನಗೆ ಹೇಳಬೇಡಿ, ಹೌದೆಂದೂ ಬೇಡ, ಅಲ್ಲವೆಂದೂ ಬೇಡ. ಜಪಾನಿನಲ್ಲಿ ಸೆಟ್ಟಿಗೆ ಐದೇ ಬಟ್ಟಲು. ಶೈಲಾ ಹೇಳಿದ್ದಾಳೆ.